ಗೋಡೆಯ ಒಡೆತನ, ಚಿತ್ರದ ಕರ್ತೃತ್ವ

ತೇರದಾಳ ಪುರಸಭೆಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಾಲೆ, ಕಚೇರಿ, ಬಸ್ ನಿಲ್ದಾಣಗಳ ಗೋಡೆಗಳ ಮೇಲೆ ಚಿತ್ರ ಬರೆಯಿಸುವ ಪದ್ಧತಿಯು ಸ್ವಚ್ಛ ಭಾರತದ ಪ್ರಚಾರದಿಂದೀಚೆಗೆ ನಾಡಿನ ಊರೂರಿಗೂ ಹಬ್ಬಿರುವುದು ಸಂತೋಷದ ಸಂಗತಿ; ಫ್ಲೆಕ್ಸ್ ಬಂದು ಬೋರ್ಡು ಬರೆಯುವ ಪೇಂಟರರ ಅನ್ನವನ್ನೇ ಕಸಿದುಕೊಂಡ ಈ ಕಾಲದಲ್ಲಿ ಅವರ ಕುಂಚಕ್ಕೆ ಕೆಲಸ ದೊರೆಯುವುದು ಊರಿಗೂ ಶೋಭೆ. ಆದರೆ ಹಾಗೆ ಬರೆದ ಚಿತ್ರದ ಮೇಲೆ ಮುಂದೊಂದು ದಿನ ಸುಣ್ಣ ಬಳಿಯುವ ಮೊದಲು ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ತಮ್ಮ ಕಾರ್ಯಾದೇಶದಲ್ಲಿಯೇ ಉತ್ತರವಿರಬೇಕೆಂದು ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಇಂಥ ಪ್ರಶ್ನೆಯು ನ್ಯಾಯಾಲಯದವರೆಗೂ ಹೋದದ್ದುಂಟು. ದೆಹಲಿಯ ವಿಜ್ಞಾನ ಭವನಕ್ಕೆಂದು ಸರ್ಕಾರವೇ ಅಪೇಕ್ಷಿಸಿ ಮಾಡಿಸಿದ, ಸುಮಾರು 140 ಅಡಿ ಉದ್ದ, 40 ಅಡಿ ಎತ್ತರದ ಕಂಚಿನ ಭಿತ್ತಿಶಿಲ್ಪವನ್ನು ಶಿಲ್ಪಿ ಅಮರನಾಥ ಸೆಹಗಲ್ ಅವರು 1962ರಲ್ಲಿ ಮುಗಿಸಿಕೊಟ್ಟರು. 1979ರಲ್ಲಿ ಅವರಿಗೆ ಒಂದು ಮಾತನ್ನೂ ತಿಳಿಸದೆ ಅದನ್ನು ಕಳಚಿ ಉಗ್ರಾಣಕ್ಕೆ ಹಾಕಲಾಗಿ, ಆ ಮಹಾಕೃತಿಯು ಭಗ್ನಗೊಂಡಿತು. 1992ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಆ ಶಿಲ್ಪಿಗೆ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅಳಿದುಳಿದ ಭಾಗಗಳನ್ನೂ 5 ಲಕ್ಷ ರೂಪಾಯಿ ಪರಿಹಾರವನ್ನೂ ಕೊಡಿಸಿತು. ಅದಕ್ಕೆ ಆಧಾರವಾದದ್ದು 1957ರ ಕೃತಿಸ್ವಾಮ್ಯ ಅಧಿನಿಯಮದ 57ನೆಯ ಪ್ರಕರಣ: ಕೃತಿಯ ಸ್ವಾಮ್ಯವನ್ನು ಮಾರಿದ ಬಳಿಕವೂ ಕರ್ತೃವಿಗೆ ತನ್ನ ಕರ್ತೃತ್ವವನ್ನು ಸಾಧಿಸುವ ಹಕ್ಕೂ, ತನ್ನ ಕೀರ್ತಿಗೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕೂ ಉಳಿದಿರುತ್ತವೆಂದು ಅದು ಹೇಳುತ್ತದೆ.

ಗೋಡೆಯು ಅದರ ಒಡೆಯನದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದೆಹಲಿಯ ಹಾಲ್ ಆಫ್ ನೇಷನ್ಸ್ ಕಟ್ಟಡವನ್ನು ಕೆಡವಿದ್ದಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಅವರು ಹೂಡಿದ ದಾವೆಯಲ್ಲಿ ಅದೇ ನ್ಯಾಯಾಲಯವು 2019ರಲ್ಲಿ ನೆಲದ ಒಡೆಯನ ಪಕ್ಷವನ್ನು ಎತ್ತಿಹಿಡಿಯಿತು. ಮಳೆಗೆ ಕುಸಿಯುವ ಶಾಲೆಯ ಗೋಡೆಯನ್ನು ಚಿತ್ರದ ಸಲುವಾಗಿ ನಿಲ್ಲಿಸಿಡಬೇಕೆಂದು ಯಾರೂ ಕೇಳಲಾರರು. ಕೆಡವುವ ಹಕ್ಕಿದ್ದ ಮಾತ್ರಕ್ಕೆ ಬರೆದವನಿಗೆ ತಿಳಿಸಬೇಕಾದ ಕರ್ತವ್ಯವು ಇಲ್ಲವಾಗುವುದಿಲ್ಲ ಎಂಬುದಷ್ಟೇ ನನ್ನ ವಾದ.

ಕೃತಿಯೊಡನೆ ಹೆಸರನ್ನು ಉಳಿಸುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ನಮ್ಮ ಊರಿನ ನೇಮಿನಾಥ ಬಸದಿಯನ್ನು ಮಾಂಡಲಿಕ ಗೊಂಕನು ಕಟ್ಟಿಸಿದನೆಂಬುದನ್ನು ನಾವು ಶಾಸನದಿಂದ ಬಲ್ಲೆವು. ನಮ್ಮ ಜಿಲ್ಲೆಯದೇ ಆದ ಪಟ್ಟದಕಲ್ಲಿನಲ್ಲಿ, ರಾಣಿ ಲೋಕಮಹಾದೇವಿಯು ಕಟ್ಟಿಸಿದ ದೇವಾಲಯದ ಶಾಸನವು ಕಟ್ಟಿಸಿದವಳೊಡನೆ ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನೂ ಅವನ ಬಿರುದು ಸಹಿತವಾಗಿ ಸ್ಮರಿಸುತ್ತದೆ. ಎಂಟನೆಯ ಶತಮಾನದ ಅರಮನೆಗೆ ಸಾಧ್ಯವಾದ ಈ ಔದಾರ್ಯವು ಇಂದಿನ ಪುರಸಭೆಗೆ ಅಸಾಧ್ಯವೆಂದು ನಾನು ನಂಬಲಾರೆ.

ಖಾಸಗಿ ಕಟ್ಟಡಗಳವರನ್ನು ಕಟ್ಟುಪಾಡಿಗೆ ಒಳಪಡಿಸುವುದು ತಮ್ಮ ಅಧಿಕಾರಕ್ಕೆ ಮೀರಿದ್ದಾಗಿರಬಹುದು. ಪುರಸಭೆಯ ಸ್ವಂತ ಗೋಡೆಗಳ ಮಟ್ಟಿಗಾದರೂ, ಚಿತ್ರದ ಮೂಲೆಯಲ್ಲಿ ಬರೆದವರ ಹೆಸರಿರಲೆಂದೂ, ಅಳಿಸುವುದಕ್ಕೆ ಒಂದು ತಿಂಗಳು ಮುಂಚಿತವಾಗಿ ಅವರಿಗೆ ತಿಳುವಳಿಕೆ ಪತ್ರ ಹೋಗಲೆಂದೂ, ಆ ಅವಧಿಯಲ್ಲಿ ಅವರು ತಮ್ಮ ಕೃತಿಯ ಛಾಯಾಚಿತ್ರ ತೆಗೆದುಕೊಳ್ಳಲು ಅವಕಾಶವಿರಲೆಂದೂ ಮುಂದಿನ ಕಾರ್ಯಾದೇಶದಲ್ಲಿ ಒಂದು ಷರತ್ತನ್ನು ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತೇರದಾಳದ ಓರ್ವ ನಾಗರಿಕ