ನೂಲಿಗೆ ನಿಲ್ಲುವ ಬಣ್ಣ

ಬನದ ಹುಣ್ಣಿಮೆಯ ಕಾಲಕ್ಕೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗುವ ನಮ್ಮ ತಾಯಂದಿರು ಇಳಕಲ್ಲ ಸೀರೆಯನ್ನಾಗಲಿ ಗುಳೇದಗುಡ್ಡದ ಖಣವನ್ನಾಗಲಿ ಕೈಗೆತ್ತಿಕೊಂಡೊಡನೆ ಅಂಗಡಿಯವರನ್ನು ಕೇಳುವ ಮಾತು ಒಂದೇ: "ಬಣ್ಣಾ ಹೋಗೂದಿಲ್ಲಲ್ರೀ?" ಈ ಸಣ್ಣ ಪ್ರಶ್ನೆಯಲ್ಲಿ ಒಂದು ಕಾಯಕದ ಮಾನವೇ ಅಡಗಿದೆ. ಈ ತಿಂಗಳು ಆ ಬಣ್ಣದ ಕಾಯಕವನ್ನು ಕುರಿತು ಕೊಂಚ ವಿಚಾರ ಮಾಡೋಣ.

ಇಳಕಲ್ಲ ಸೀರೆಗೆ ಬಣ್ಣ ಹಾಕುವುದು ನೇಯ್ದ ಮೇಲಲ್ಲ, ನೂಲು ಲಡಿಯಾಗಿರುವಾಗಲೇ. ಅನಂತರ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿ, ಕೆಂಪು ಸೆರಗಿನಲ್ಲಿ ಬಿಳಿಯ ತೆನೆಗಳನ್ನು ಮೂಡಿಸುತ್ತಾರೆ. ಕೆಂಪು ಕಚ್ಚಾ ಆದರೆ ಮೊದಲ ಒಗೆತಕ್ಕೇ ಬಿಳಿಯ ತೆನೆ ಕೆಂಪಾಗುತ್ತದೆ. ಆಗ ಕೆಡುವುದು ಬಣ್ಣಗಾರನ ಕೆಲಸ ಮಾತ್ರವಲ್ಲ, ನೇಕಾರನ ಕುಟುಂಬದ ಅಷ್ಟೂ ದಿನಗಳ ದುಡಿಮೆ.

ಹತ್ತಿಯ ನೂಲು ಸುಲಭವಾಗಿ ಬಣ್ಣ ಹಿಡಿಯುವಂಥದಲ್ಲ. ಆದುದರಿಂದ ಹಿಂದಿನವರು ಅದನ್ನು ಮೊದಲು ಅಳಲೆಕಾಯಿಯ ಒಗರು ನೀರಿನಲ್ಲಿಯೂ ಆಮೇಲೆ ಪಟಕದ ನೀರಿನಲ್ಲಿಯೂ ನೆನೆಸಿ ಹದಗೊಳಿಸುತ್ತಿದ್ದರು. ಕೆಂಪಿಗೆ ನೋನಿ ಜಾತಿಯ ಗಿಡದ ಬೇರು, ಹಳದಿಗೆ ದಾಳಿಂಬೆಯ ಸಿಪ್ಪೆ, ಕಪ್ಪಿಗೆ ಬೆಲ್ಲದ ನೀರಿನಲ್ಲಿ ಹುಳಿಸಿದ ಕಬ್ಬಿಣದ ಚೂರು. ಇಳಕಲ್ಲ ಸೀರೆಯ 'ದಾಳಿಂಬೆ ಕೆಂಪು' ಹಣ್ಣಿನ ಕಾಳಿನ ಹೋಲಿಕೆಯಿಂದ ಬಂದ ಹೆಸರು. ಅದರ ಸಿಪ್ಪೆ ಕೊಡುವುದು ಹಳದಿಯನ್ನು. ನೀಲಿಯ ರೀತಿಯೇ ಬೇರೆ. ನೀಲಿಗಿಡದ ಸೊಪ್ಪನ್ನು ನೀರಿನಲ್ಲಿ ಕೊಳೆಹಾಕಿ, ಆ ನೀರನ್ನು ಬಡಿದು ಗಾಳಿಯಾಡಿಸಿದರೆ ಬಣ್ಣ ತಳಕ್ಕಿಳಿಯುತ್ತದೆ. ಅದನ್ನು ಸುಣ್ಣ, ಬೆಲ್ಲ ಮುಂತಾದವುಗಳೊಡನೆ ಬಾನಿಯಲ್ಲಿ ಹುಳಿಸಬೇಕು. ಬಾನಿಯಿಂದ ಹಸಿರು ಹಳದಿಯಾಗಿ ಹೊರಬರುವ ಲಡಿ ಗಾಳಿ ತಾಕಿದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಗಾಢ ನೀಲಿ ಬೇಕಾದರೆ ಮತ್ತೆ ಮತ್ತೆ ಅದ್ದಿ ಆರಿಸಬೇಕು. ಈ ಕಸಬಿನವರಿಗೆ ಬಂದ 'ನೀಲಗಾರ' ಎಂಬ ಹೆಸರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಮನೆತನಗಳಲ್ಲಿ ಉಳಿದಿದೆ.

ಕಸಬು ಏಕೆ ಅಳಿಯಿತು? 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ತರುಣ ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣವನ್ನು ಪಡೆದನು. ಮುಂದೆ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಬೇರಿನ ಕೆಂಪಿಗೆ ಬದಲಿಯನ್ನು ಕಂಡುಹಿಡಿದರು. 1897ರಲ್ಲಿ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂದಿತು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ತಾಸುಗಳಲ್ಲಿ ಮುಗಿಯತೊಡಗಿತು, ದರವೂ ಇಳಿಯಿತು. ಇಂದು ಇಳಕಲ್ಲ ಸೀರೆಯ ನೂಲಿಗೂ ಹೆಚ್ಚಾಗಿ ರಾಸಾಯನಿಕ ಬಣ್ಣಗಳೇ ಆಧಾರ.

ಹಾಗೆಂದು ಕಾರ್ಖಾನೆಯ ಬಣ್ಣವೆಲ್ಲ ಕೆಟ್ಟದ್ದು, ಗಿಡದ ಬಣ್ಣವೆಲ್ಲ ಒಳ್ಳೆಯದು ಎಂದು ನಾವು ಹೇಳಲಾರೆವು. ಸರಿಯಾಗಿ ಹಾಕಿದ ರಾಸಾಯನಿಕ ಬಣ್ಣ ಬಹುಕಾಲ ಬಾಳುತ್ತದೆ. ಆದರೆ ಅಜೋ ಬಣ್ಣಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲ ವಸ್ತುಗಳನ್ನು ಬಿಡುತ್ತವೆಂದು ತಿಳಿದು 1990ರ ದಶಕದಲ್ಲಿ ಜರ್ಮನಿಯೂ 1997ರಲ್ಲಿ ನಮ್ಮ ದೇಶವೂ ಅವನ್ನು ನಿಷೇಧಿಸಿದವು. ಬಣ್ಣದ ಹಂಡೆಯ ಉಳಿಕೆ ನೀರನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಅದು ಹಳ್ಳವನ್ನೂ ಬಾವಿಯನ್ನೂ ಸೇರುತ್ತದೆ. ಇತ್ತ ನಮ್ಮ ಎರೆಹೊಲದ ಕುಸುಬೆಯ ಎಸಳು ಚೆಲುವಾದ ಗುಲಾಬಿ ಬಣ್ಣ ಕೊಟ್ಟರೂ ಬಿಸಿಲಿಗೆ ಬೇಗನೆ ಮಾಸುತ್ತದೆ. ಗಿಡದ ಬಣ್ಣ ನಿಲ್ಲಲೆಂದು ಕ್ರೋಮಿಯಂ ಲವಣ ಬಳಸಿದರೆ ಅದೂ ವಿಷವೇ. ಆದ್ದರಿಂದ 'ನೈಸರ್ಗಿಕ' ಎಂಬ ಚೀಟಿಯೊಂದನ್ನೇ ನಂಬಿದರೆ ಸಾಲದು. ಬಣ್ಣ ಯಾವುದು, ಯಾವುದರಿಂದ ಹದ ಮಾಡಿದ್ದು ಎಂದು ಕೇಳಬೇಕು.

ಕೇಳಿದ ಮೇಲೆ ಕೊಳ್ಳುವವರ ಹೊಣೆಯೂ ಒಂದಿದೆ. ಗಿಡದ ಬಣ್ಣ ಮಣ್ಣು, ನೀರು, ಋತುಗಳಿಗೆ ತಕ್ಕಂತೆ ಸ್ವಲ್ಪ ಬೇರೆಯಾಗುತ್ತದೆ; ಹೋದ ವರ್ಷದ ಸೀರೆಯ ಛಾಯೆಯೇ ಈ ವರ್ಷವೂ ಬರಬೇಕೆಂದು ಹಟ ಹಿಡಿಯಲಾಗದು. ದಿನಗಟ್ಟಲೆಯ ದುಡಿಮೆಗೆ ತಕ್ಕ ಬೆಲೆಯನ್ನೂ ಕೊಡಬೇಕು. ಯಂತ್ರದ ಸೀರೆಯ ದರಕ್ಕೆ ಕೈಮಗ್ಗದ ಸೀರೆಯನ್ನು ಚೌಕಾಸಿ ಮಾಡಿ, ಬಳಿಕ 'ಬಣ್ಣ ಹೋಯಿತು' ಎಂದು ದೂರುವುದು ನ್ಯಾಯವಲ್ಲ. ಕಾಯಕವೆಂದರೆ ಮಾಡುವವನ ಪ್ರಾಮಾಣಿಕತೆ ಮಾತ್ರವಲ್ಲ. ಕೊಳ್ಳುವವನ ಪ್ರಾಮಾಣಿಕತೆಯೂ ಅದರಲ್ಲಿ ಸೇರಿದೆ. ನೇಕಾರ ಜೇಡರ ದಾಸಿಮಯ್ಯನವರನ್ನು ಆದ್ಯರೆಂದು ಗೌರವಿಸುವ ನಮಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಮನೆಯ ತಾಯಂದಿರಿಗೆ ಇನ್ನೆರಡು ಮಾತು. ಇಂಥ ಸೀರೆಯನ್ನು ಮೊದಲ ಬಾರಿ ಬೇರೆಯಾಗಿಯೇ ತಣ್ಣೀರಿನಲ್ಲಿ ಒಗೆಯಿರಿ. ಸೋಡಾ ಬೇಡ, ಅಂಟವಾಳದ ನೊರೆ ಸಾಕು. ಹಿಂಡದೆ ನೆರಳಿನಲ್ಲಿ ಆರಹಾಕಿರಿ. ಮಗಳ ಮದುವೆಯ ಜವಳಿ ತೆಗೆಯುವಾಗ ಹತ್ತು ಸೀರೆಗಳ ನಡುವೆ ಒಂದನ್ನಾದರೂ ಬಣ್ಣದ ವಿವರ ಹೇಳಬಲ್ಲ ನೇಕಾರರಿಂದ ಕೊಳ್ಳಿರಿ. ಕೇಳುವವರಿದ್ದರೆ ಬಾನಿಯ ಕೆಲಸ ಬಲ್ಲ ಹಿರಿಯರು ಅದನ್ನು ಮಕ್ಕಳಿಗೆ ಕಲಿಸುವರು. ಕೇಳುವವರಿಲ್ಲದಿದ್ದರೆ ಆ ಅರಿವು ಅವರೊಡನೆಯೇ ಹೋಗುವುದು.