ಜಯಲಕ್ಷ್ಮಿವಿಲಾಸ: ಒಡೆತನದ ಪ್ರಶ್ನೆ

ಸೌಧವೊಂದರ ಚರಿತ್ರೆಯನ್ನು ಕ್ರಯಪತ್ರಗಳಿಂದಷ್ಟೇ ಬರೆಯಲಾಗದು. ಮೈಸೂರಿನ ಜಯಲಕ್ಷ್ಮಿವಿಲಾಸವೇ ಇದಕ್ಕೆ ನಿದರ್ಶನ. ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷಮ್ಮಣ್ಣಿಯವರಿಗಾಗಿ 1905ರಲ್ಲಿ ನಿರ್ಮಾಣಗೊಂಡ ಈ ಅರಮನೆಯು, ಕುವೆಂಪು ಅವರು ಉಪಕುಲಪತಿಗಳಾಗಿದ್ದ 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ವತ್ತಾಯಿತು. ಮುಂದೆ ಇಲ್ಲಿಯೇ ಜಾನಪದ ವಸ್ತುಸಂಗ್ರಹಾಲಯವು ನೆಲೆಗೊಂಡಿತು. ರಾಜಮನೆತನದವರು ಓಡಾಡಿದ ಹಜಾರಗಳಿಗೆ ತೊಗಲುಗೊಂಬೆಗಳು, ಯಕ್ಷಗಾನದ ಕಿರೀಟಗಳು, ಬೇಸಾಯದ ಸಲಕರಣೆಗಳು ಬಂದು ಸೇರಿದವು.

ಈ ಮೂರನೆಯ ಪ್ರವೇಶವನ್ನು ಯಾವ ದಸ್ತಾವೇಜೂ ಒಡೆತನವೆಂದು ಕರೆಯದು. ಆದರೆ ಸಾಂಸ್ಕೃತಿಕ ಚರಿತ್ರೆಯ ದೃಷ್ಟಿಯಲ್ಲಿ ಅತ್ಯಂತ ಮಹತ್ವದ ಹಸ್ತಾಂತರ ಇದೇ. ಹೆಸರಿಲ್ಲದ ಕುಶಲಕರ್ಮಿಗಳೂ ಕಲಾವಿದರೂ ಇಲ್ಲಿ ತಮ್ಮ ಕೃತಿಗಳ ಮೂಲಕ ಹಕ್ಕುದಾರರಾಗಿದ್ದಾರೆ. ಸಂರಕ್ಷಣೆಯೆಂದರೆ ಕಂಬ, ಕಮಾನು, ಚಾವಣಿಗಳ ದುರಸ್ತಿ ಮಾತ್ರವೆಂದು ಬಗೆದರೆ ಆ ಸಂಗ್ರಹವು ಬಾಡಿಗೆದಾರನ ಸ್ಥಿತಿಗೆ ಇಳಿಯುತ್ತದೆ. ಗೋಡೆಯೊಡನೆ ಗೊಂಬೆಯೂ ಉಳಿಯಬೇಕು. ಇಲ್ಲವಾದರೆ ಉಳಿಯುವುದು ಕಟ್ಟಡ, ಚರಿತ್ರೆಯಲ್ಲ.