ಲಾಂಚಿನ ನೆನಪು ಯಾರದು?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಲ್ಲಿಂದೀಚೆಗೆ ನಮ್ಮ ಮೊಬೈಲುಗಳಲ್ಲಿ ಸೇತುವೆಯ ಫೋಟೋಗಳಷ್ಟೇ ಲಾಂಚಿನ ಫೋಟೋಗಳೂ ಓಡಾಡುತ್ತಿವೆ. ‘ಇನ್ನು ಆ ಮಜಾ ಇಲ್ಲ’, ‘ಲಾಂಚ್ ಇಲ್ಲದ ಸಿಗಂದೂರು ಸಿಗಂದೂರೇ ಅಲ್ಲ’ ಎಂದು ಸ್ಟೇಟಸ್ ಹಾಕಿದವರಲ್ಲಿ ನಮ್ಮ ಕಾಲೇಜಿನವರೂ ಇದ್ದಾರೆ. ಅವರ ಬೇಸರವನ್ನು ನಾನು ಅಣಕಿಸುವುದಿಲ್ಲ. ಆದರೆ ಆ ಹಳೆಯ ಲಾಂಚ್ ಏನು ಕೆಲಸ ಮಾಡಿತು, ಯಾರಿಗಾಗಿ ಮಾಡಿತು, ಯಾಕೆ ಮಾಡಬೇಕಾಯಿತು ಎಂಬುದನ್ನು ಬಿಟ್ಟು ಬರೀ ಮಜಾವನ್ನು ನೆನೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಈ ಮಾತು ಹೇಳಲು ನನಗೆ ಕಾರಣವಿದೆ. ನಮ್ಮ ಅಬ್ಬಾ ಸಾಗರದಲ್ಲಿ ಗೂಡ್ಸ್ ಗಾಡಿ ಓಡಿಸುತ್ತಾರೆ. ತುಮರಿ, ಬ್ಯಾಕೋಡು ಕಡೆಯ ಅಂಗಡಿಗಳಿಗೆ ದಿನಸಿ, ಸಿಮೆಂಟು, ಗೊಬ್ಬರ ಒಯ್ಯುವುದು, ಬರುವಾಗ ಬಾಡಿಗೆ ಸಿಕ್ಕಿದರೆ ಅಡಿಕೆ ಚೀಲ ತರುವುದು ಅವರ ಕೆಲಸ. ನಾನು ಹುಟ್ಟುವ ಮೊದಲಿನಿಂದಲೂ ಅವರ ದಿನ ನಡೆದದ್ದು ಗಡಿಯಾರಕ್ಕಿಂತ ಹೆಚ್ಚಾಗಿ ಲಾಂಚಿನ ಸಮಯದ ಪ್ರಕಾರ. ನಮ್ಮ ಮನೆಯಲ್ಲಿ ‘ಅಬ್ಬಾ ಎಷ್ಟು ಗಂಟೆಗೆ ಬರುತ್ತಾರೆ’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಯಾವ ಲಾಂಚಿಗೆ ಬರುತ್ತಾರೆ’ ಎಂದೇ ಕೇಳುತ್ತಿದ್ದೆವು.

ಲಾಂಚ್ ಯಾಕೆ ಬಂತು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮೊದಲು ಅಲ್ಲಿದ್ದದ್ದು ಹೊಳೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾಯಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸುಮಾರು 150 ಟಿಎಂಸಿ ನೀರು ನಿಂತಾಗ ಗದ್ದೆ, ತೋಟ, ಮನೆ, ಗುಡಿ, ದಾರಿ ಎಲ್ಲವೂ ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಈಗಲೂ ತಲೆ ಎತ್ತುತ್ತದೆ.

ಊರು ಬಿಟ್ಟು ಹೋದವರ ಕಷ್ಟ ಒಂದು ಬಗೆಯದು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಊರಲ್ಲೇ ಉಳಿದವರ ಕಷ್ಟ ಇನ್ನೊಂದು ಬಗೆಯದು. ಕರೂರು, ಬಾರಂಗಿ ಹೋಬಳಿಗಳ ಜನರಿಗೆ ತಾಲ್ಲೂಕು ಕೇಂದ್ರ ಸಾಗರಕ್ಕೆ ಹೋಗಲು ಇದ್ದ ನೇರ ದಾರಿಗೆ ಅಡ್ಡಲಾಗಿ ನೀರು ನಿಂತಿತು. ಸುತ್ತಿ ಬರುವ ರಸ್ತೆ ಇತ್ತು. ಆದರೆ ಅದು ಕಾಡು, ಘಟ್ಟ ಸುತ್ತುವ ದೂರದ ದಾರಿ. ಹಾಗಾಗಿ ಮೊದಲು ದೋಣಿ, ಆಮೇಲೆ ಲಾಂಚ್, ಆಮೇಲೆ ವಾಹನ ಹೊರುವ ದೊಡ್ಡ ಲಾಂಚ್ ಬಂದವು. ನಾಡಿಗೆ ಕರೆಂಟು ಕೊಟ್ಟ ಊರಿನವರಿಗೆ ದಾರಿಯ ಬದಲಿಗೆ ಸಿಕ್ಕಿದ್ದು ಇದು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಅದೇ ನೀರಿನ ದಡದ ಜನ ಸಂಜೆಯಾದ ಮೇಲೆ ಆಸ್ಪತ್ರೆಗೆ ಹೋಗಬೇಕಾದರೆ ಬೆಳಗಾಗುವುದನ್ನು ಕಾಯಬೇಕಿತ್ತು.

ಲಾಂಚಿನ ಕೆಲಸ ನೋಡಲು ಸರಳ. ದಡಕ್ಕೆ ಬಂದು ನಿಲ್ಲುತ್ತದೆ, ಹಲಗೆ ಇಳಿಸುತ್ತಾರೆ, ಗಾಡಿಗಳು ಹತ್ತುತ್ತವೆ, ಹಲಗೆ ಎತ್ತುತ್ತಾರೆ, ಡೀಸೆಲ್ ಎಂಜಿನ್ ಗುಡುಗುಡು ಅನ್ನುತ್ತದೆ, ಸ್ವಲ್ಪ ಹೊತ್ತಿನಲ್ಲಿ ಆಚೆ ದಡ. ಆದರೆ ಪಕ್ಕದಲ್ಲಿ ನಿಂತು ನೋಡಿದವರಿಗೆ ಅದರ ಲೆಕ್ಕಾಚಾರ ಗೊತ್ತು. ಬಸ್ಸು ಎಲ್ಲಿ ನಿಲ್ಲಬೇಕು, ಅದಕ್ಕೆ ಸಮನಾಗಿ ಆ ಬದಿಗೆ ಎಷ್ಟು ಕಾರು ನಿಲ್ಲಬೇಕು, ತುಂಬಿದ ಗೂಡ್ಸ್ ಗಾಡಿಯನ್ನು ನಡುವೆ ತರಬೇಕೋ ಅಂಚಿಗೆ ಬಿಡಬಹುದೋ ಎಂಬುದನ್ನೆಲ್ಲ ಸಿಬ್ಬಂದಿ ಕಣ್ಣಳತೆಯಲ್ಲೇ ತೀರ್ಮಾನಿಸುತ್ತಿದ್ದರು. ಭಾರ ಒಂದೇ ಕಡೆ ಬಿದ್ದರೆ ಲಾಂಚ್ ವಾಲುತ್ತದೆ. ನಾವು ಭೌತಶಾಸ್ತ್ರದಲ್ಲಿ ಓದುವ ತೇಲುವಿಕೆ, ಗುರುತ್ವ ಕೇಂದ್ರ ಎಲ್ಲವನ್ನೂ ಅವರು ಪುಸ್ತಕವಿಲ್ಲದೆ ದಿನಕ್ಕೆ ಹಲವು ಸಲ ಮಾಡಿ ತೋರಿಸುತ್ತಿದ್ದರು.

ಇನ್ನೊಂದು ಕಷ್ಟವೆಂದರೆ ಹಿನ್ನೀರಿಗೆ ಒಂದೇ ದಡವಿಲ್ಲ. ಮಳೆಗಾಲದ ಕೊನೆಗೆ ನೀರು ಮೇಲೆ ಬಂದು ನಿಲ್ಲುತ್ತದೆ. ವಿದ್ಯುತ್ತಿಗಾಗಿ ನೀರು ಬಿಡುತ್ತಾ ಹೋದ ಹಾಗೆ ದಡ ಕೆಳಕ್ಕೆ ಸರಿಯುತ್ತದೆ. ಲಾಂಚ್ ನಿಲ್ಲುವ ಜಾಗವೂ ಅದರ ಹಿಂದೆಯೇ ಕೆಳಕ್ಕೆ ಹೋಗಬೇಕು. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರು ತೀರಾ ಇಳಿದಾಗ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು, ಜನರನ್ನಷ್ಟೇ ದಾಟಿಸುತ್ತಿದ್ದರು. ಆಗ ಅಬ್ಬಾ ಈ ದಡದಲ್ಲಿ ಗಾಡಿ ನಿಲ್ಲಿಸಿ, ಚೀಲಗಳನ್ನು ಇಳಿಸಿ, ಆಳುಗಳ ಹೆಗಲ ಮೇಲೆ ಲಾಂಚಿಗೆ ಸಾಗಿಸಿ, ಆಚೆ ದಡದಲ್ಲಿ ಇನ್ನೊಂದು ಗಾಡಿಗೆ ತುಂಬಿಸುತ್ತಿದ್ದರು. ಎರಡು ಸಲದ ಕೂಲಿಯನ್ನು ಅಂಗಡಿಯವರು ಸಾಮಾನಿನ ಬೆಲೆಗೇ ಸೇರಿಸುತ್ತಿದ್ದರು. ಕೊನೆಗೆ ಆ ಹಣ ಹೋಗುತ್ತಿದ್ದುದು ಒಂದು ಕಿಲೋ ಅಕ್ಕಿ ಕೊಳ್ಳುವವರ ಕಿಸೆಯಿಂದ.

ಪ್ರವಾಸಿಗೂ ಪ್ರಯಾಣಿಕನಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ. ಪ್ರವಾಸಿ ವರ್ಷಕ್ಕೊಮ್ಮೆ ಲಾಂಚ್ ಹತ್ತುತ್ತಾನೆ. ಸಾಲಿನಲ್ಲಿ ಎರಡು ಗಂಟೆ ಕಾದರೂ ಅದು ಅವನಿಗೆ ಪ್ರವಾಸದ ಒಂದು ಭಾಗ. ಅಲ್ಲಿ ಚುರುಮುರಿ ತಿನ್ನುತ್ತಾನೆ, ಫೋಟೋ ತೆಗೆಯುತ್ತಾನೆ. ಅದೇ ಸಾಲಿನಲ್ಲಿ ಅವನ ಹಿಂದೆ ಆಸ್ಪತ್ರೆಯಿಂದ ಊರಿಗೆ ಹೊರಟ ಅಜ್ಜಿ ಇರುತ್ತಾರೆ, ಬ್ಯಾಂಕಿನ ಕೆಲಸ ಮುಗಿಸಿ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕಾದ ಹೆಂಗಸು ಇರುತ್ತಾರೆ. ಅವರಿಗೆ ಆ ಎರಡು ಗಂಟೆ ಬರೀ ನಷ್ಟ. ರಜಾ ದಿನಗಳಲ್ಲಿ ಸಿಗಂದೂರಿಗೆ ಬರುವ ಕಾರುಗಳ ಸಾಲು ಬೆಳೆದಷ್ಟೂ ಆ ಊರಿನವರೇ ತಮ್ಮ ಊರಿಗೆ ಹೋಗಲು ಸರದಿ ಕಾಯಬೇಕಿತ್ತು.

ನನ್ನ ಒಬ್ಬ ಸಹಪಾಠಿ ವಿಜ್ಞಾನ ಓದಲೆಂದು ಆ ಕಡೆಯಿಂದ ಬಂದು ಸಾಗರದಲ್ಲಿ ನೆಂಟರ ಮನೆಯಲ್ಲಿದ್ದಾಳೆ. ಮೊದಲ ವರ್ಷ ಅವಳಿಗೆ ಸಂಜೆಯ ವಿಶೇಷ ತರಗತಿ ಇದ್ದ ಶನಿವಾರವೆಂದರೆ ಆ ವಾರ ಊರಿಗೆ ಹೋಗುವುದಿಲ್ಲ ಎಂದೇ ಅರ್ಥ. ತರಗತಿ ಮುಗಿದು ಬಸ್ಸು ಹಿಡಿದು ಹೊಳೆಬಾಗಿಲಿಗೆ ತಲುಪುವಷ್ಟರಲ್ಲಿ ಕೊನೆಯ ಲಾಂಚ್ ಹೋಗಿರುತ್ತಿತ್ತು. ಅವಳ ಊರಿನ ಎಷ್ಟೋ ಹುಡುಗಿಯರನ್ನು ಇದೇ ಕಾರಣಕ್ಕೆ ಮನೆಯವರು ಸಾಗರಕ್ಕೆ ಕಳಿಸಲು ಹಿಂದೆಮುಂದೆ ನೋಡಿದರಂತೆ. ‘ಹುಷಾರಿಲ್ಲ ಅಂದರೆ ರಾತ್ರಿ ಬಂದು ಕರೆದುಕೊಂಡು ಹೋಗುವ ಹಾಗಿಲ್ಲವಲ್ಲ’ ಎಂಬುದು ಅವರ ಮಾತು. ಈಗ ಹೇಳಿ, ಇದನ್ನು ಮಜಾ ಎನ್ನೋಣವೇ?

ನಮ್ಮ ಮನೆಯ ಅನುಭವವೂ ಒಂದಿದೆ. ಒಂದು ವರ್ಷ ಇಪ್ಪತ್ತೊಂಬತ್ತನೇ ರೋಜಾದ ದಿನ ಅಬ್ಬಾ ಆಚೆ ದಡದಲ್ಲಿದ್ದರು. ಸಾಮಾನು ಇಳಿಸುವುದು ತಡವಾಯಿತು, ಕೊನೆಯ ಲಾಂಚ್ ತಪ್ಪಿತು. ಚಂದ್ರ ಕಂಡ ಸುದ್ದಿ ಬಂದಾಗ ಅವರು ತುಮರಿಯಲ್ಲಿ, ನಾವು ಸಾಗರದಲ್ಲಿ. ಅಂಗಡಿಯ ಭಟ್ಟರು ಅವರಿಗೆ ತಮ್ಮ ಮನೆಯಲ್ಲೇ ಊಟ ಹಾಕಿ ಮಲಗಲು ಚಾಪೆ ಕೊಟ್ಟರು. ಬೆಳಿಗ್ಗೆ ಮೊದಲ ಲಾಂಚಿಗೆ ಹೊರಟರೂ ಈದ್ ನಮಾಜಿನ ಹೊತ್ತಿಗೆ ಅವರು ಸಾಗರ ತಲುಪಲಿಲ್ಲ. ಭಟ್ಟರ ಉಪಕಾರವನ್ನು ಅಬ್ಬಾ ಇವತ್ತಿಗೂ ನೆನೆಯುತ್ತಾರೆ. ಲಾಂಚ್ ತಪ್ಪಿದ್ದನ್ನು ಮಾತ್ರ ಅವರು ಎಂದೂ ಸವಿನೆನಪು ಎಂದಿಲ್ಲ.

ಲಾಂಚ್ ಪರವಾಗಿ ಹೇಳುವವರ ಒಂದು ಮಾತನ್ನು ನಾನು ಒಪ್ಪುತ್ತೇನೆ. ಅಲ್ಲಿ ಎಲ್ಲರೂ ಒಂದೇ ಹಲಗೆಯ ಮೇಲೆ ನಿಲ್ಲುತ್ತಿದ್ದರು. ದೇವಿಯ ದರ್ಶನಕ್ಕೆ ಹೊರಟ ಕುಟುಂಬ, ಮೀನಿನ ಬುಟ್ಟಿಯ ಸಾಬರು, ಅಡಿಕೆ ತೋಟದ ಹೆಗಡೆಯವರು, ಶಾಲೆಯ ಮೇಷ್ಟ್ರು, ದೀವರ ಮನೆಯ ಮದುವೆ ದಿಬ್ಬಣ ಎಲ್ಲವೂ ಅಲ್ಲಿರುತ್ತಿದ್ದವು. ಕಾರಿನಲ್ಲಿ ಬಂದವರೂ ಕೆಳಗಿಳಿದು ನಾಲ್ಕು ಮಾತಾಡುತ್ತಿದ್ದರು. ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆಯ ಮೇಲೆ ಗಾಜು ಏರಿಸಿಕೊಂಡು ಹೋಗುವಾಗ ಆ ಮಾತುಕತೆ ಇರುವುದಿಲ್ಲ ನಿಜ. ಆದರೆ ಆ ಒಗ್ಗಟ್ಟನ್ನು ಲಾಂಚ್ ಒಂದೇ ಕೊಟ್ಟದ್ದಲ್ಲ, ಆ ಜನರ ಸ್ವಭಾವವೂ ಕೊಟ್ಟದ್ದು. ಭಟ್ಟರು ಚಾಪೆ ಹಾಸಿದ್ದು ತಮ್ಮ ಮನೆಯಲ್ಲಿ, ನೀರಿನ ಮೇಲಲ್ಲ. ಜನ ಪರಸ್ಪರ ಮಾತಾಡಲಿ ಎಂದು ಅವರ ದಾರಿಯನ್ನು ತಡೆದು ನಿಲ್ಲಿಸುವುದು ನ್ಯಾಯವಲ್ಲ.

ಹಾಗಾದರೆ ಲಾಂಚನ್ನು ಮರೆತುಬಿಡಬೇಕೇ? ಖಂಡಿತ ಬೇಡ. ಆದರೆ ಗೌರವ ಕೊಡುವುದಾದರೆ ಸರಿಯಾದ ರೀತಿಯಲ್ಲಿ ಕೊಡೋಣ. ನನಗೆ ಮೂರು ಕೆಲಸಗಳು ಮುಖ್ಯವೆನಿಸುತ್ತವೆ.

ಮೊದಲನೆಯದು, ದುಡಿಯುವ ಲಾಂಚನ್ನು ದುಡಿಯಲು ಬಿಡಬೇಕು. ಅದರಲ್ಲಿ ಹೋಟೆಲ್ ಮಾಡಬಹುದು, ಪ್ರವಾಸಿಗರನ್ನು ಸುತ್ತಾಡಿಸಬಹುದು ಎಂಬ ಮಾತುಗಳನ್ನು ಕೇಳುತ್ತಿದ್ದೇನೆ. ಆದರೆ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಇರುವುದು ಹೊಳೆಬಾಗಿಲಿನಲ್ಲಿ ಮಾತ್ರವಲ್ಲ. ಹಸಿರುಮಕ್ಕಿಯಲ್ಲಿ, ಮುಪ್ಪಾನೆಯಲ್ಲಿ ಕೂಡ ಜನ ಲಾಂಚನ್ನೇ ನಂಬಿಕೊಂಡು ಬಂದಿದ್ದಾರೆ. ಸೇತುವೆಯಿಲ್ಲದ ಕಡೆ ಇನ್ನೊಂದು ಲಾಂಚ್ ಸಿಕ್ಕರೆ, ಒಂದು ಕೆಟ್ಟಾಗ ಇನ್ನೊಂದು ನಡೆಯುತ್ತದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ. ಜನರಿಗೆ ಬೇಕಾದಷ್ಟನ್ನು ಕೊಟ್ಟ ಮೇಲೆ ಉಳಿದದ್ದು ಪ್ರವಾಸಿಗರಿಗೆ ಸಿಗಲಿ. ಈ ಸರದಿ ತಿರುಗುಮುರುಗಾಗಬಾರದು.

ಎರಡನೆಯದು ಸಿಬ್ಬಂದಿಯ ವಿಚಾರ. ಸೇತುವೆ ಉದ್ಘಾಟನೆಯಲ್ಲಿ ಮಂತ್ರಿಗಳ ಹೆಸರು, ಎಂಜಿನಿಯರುಗಳ ಹೆಸರು ಕೇಳಿಬರುತ್ತವೆ. ಇಷ್ಟು ವರ್ಷ ಮಳೆ, ಗಾಳಿ, ಮಂಜಿನಲ್ಲಿ ಹಗ್ಗ ಹಿಡಿದು ನಿಂತವರ ಹೆಸರು ನಮಗೆ ಒಂದೂ ಗೊತ್ತಿಲ್ಲ. ಗಡಿಬಿಡಿಯ ಪ್ರಯಾಣಿಕರ ಬೈಗುಳ ಕೇಳಿದವರೂ ಅವರೇ. ಅವರಲ್ಲಿ ಹೊರಗುತ್ತಿಗೆಯಲ್ಲೋ ದಿನಗೂಲಿಯಲ್ಲೋ ದುಡಿದವರಿದ್ದರೆ ಸೇತುವೆ ಬಂತೆಂದು ಅವರ ಅನ್ನ ಹೋಗಬಾರದು. ನೀರಿನ ಮೇಲೆ ವಾಹನ ಸಾಗಿಸುವ ಅನುಭವ ಒಂದು ದಿನದಲ್ಲಿ ಬರುವಂಥದ್ದಲ್ಲ. ಅದನ್ನು ಬಳಸಿಕೊಳ್ಳುವ ಜಾಗಗಳು ನಮ್ಮ ರಾಜ್ಯದಲ್ಲಿವೆ.

ಮೂರನೆಯದು ನಮ್ಮ ಕೈಯಲ್ಲೇ ಇರುವ ಕೆಲಸ. ಈ ನೀರಿನ ಕಥೆಯನ್ನು ನಾಡಿಗೆ ಹೇಳಿದವರು ನಮ್ಮದೇ ಸಾಗರದ ಕಾದಂಬರಿಕಾರ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡ ಅವರು ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಸೇತುವೆ ಉದ್ಘಾಟನೆಗೆ ಆಗ ಆರು ತಿಂಗಳು ಬಾಕಿಯಿತ್ತು. ನೀರು ಏರಿದ್ದನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಮೊದಲ ದೋಣಿಯಲ್ಲಿ ದಾಟಿದವರು, ರಾತ್ರಿ ಹೆರಿಗೆ ನೋವಿನಲ್ಲಿ ದಡದಲ್ಲಿ ಕಾದವರು, ಲಾಂಚಿನಲ್ಲಿ ದಿಬ್ಬಣ ಹೋದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳದಿದ್ದರೆ ಮುಂದಿನವರಿಗೆ ಉಳಿಯುವುದು ಸೆಲ್ಫಿಗಳು ಮಾತ್ರ.

ಆದ್ದರಿಂದ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಈ ರಜೆಯಲ್ಲಿ ನಿಮ್ಮ ಮನೆಯ, ಬೀದಿಯ ಹಿರಿಯರಲ್ಲಿ ಶರಾವತಿ ದಾಟಿದವರು ಯಾರಾದರೂ ಇದ್ದರೆ ಅವರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಅವರು ಎಲ್ಲಿಂದ ಎಲ್ಲಿಗೆ, ಯಾಕೆ ದಾಟಿದರು, ದಾಟಲಾಗದ ದಿನ ಏನಾಯಿತು ಎಂದು ಕೇಳಿ. ಅವರು ಹೇಳಿದ ಹಾಗೆಯೇ ಒಂದು ಪುಟ ಬರೆದು ಸಂಪಾದಕ ಮಂಡಳಿಗೆ ಕೊಡಿ. ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತರಲು ನಾನು ಸಹಾಯ ಮಾಡುತ್ತೇನೆ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇದಕ್ಕೆ ಸಿಗಬಹುದೆಂದು ನಮ್ಮ ಕನ್ನಡ ಉಪನ್ಯಾಸಕರು ಹೇಳಿದ್ದಾರೆ. ಮೊದಲ ಪುಟ ಅಬ್ಬಾ ಅವರದು, ಈಗಾಗಲೇ ಬರೆದುಕೊಂಡಿದ್ದೇನೆ. ಉಳಿದ ಮೂರಕ್ಕೆ ಕಾಯುತ್ತಿದ್ದೇನೆ.